ಕೊಡ ಇಳಿಸಿದ ಕಲ್ಲು

ದೇಸಾಯರ ವಾಡೆಯ ಮೆಟ್ಟಿಲು ತಣ್ಣಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿ ಮುಚ್ಚಿಸಲು ಬರಬಾರದು. ನನ್ನ ಆಯಿಯ, ಅವ್ವನ ತಾಯಿಯ, ಕಾಲದಲ್ಲೂ ತಣ್ಣಗಿತ್ತು, ನಾನು ಪಾಟಿ ಹಿಡಿದು ಸಾಲಿಗೆ ಹೋಗುವಾಗಲೂ ತಣ್ಣಗಿತ್ತು. ಮಾಗಿಯ ಚಳಿಯಲ್ಲಿ ಒಂದು ಬೀದಿನಾಯಿ ಅದರ ಮೇಲೆ ಮಲಗಿದ್ದನ್ನು ಕಂಡವರಿಲ್ಲ. ನಾಯಿಗೆ ಗೊತ್ತಿರುವುದು ನಮ್ಮೂರ ದೊಡ್ಡವರಿಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿದೆ, ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೂ ಸುಳ್ಳು ಹೇಳುವವರ ಮೇಲೆಯೇ ನನ್ನ ಸಿಟ್ಟು.

ನಮ್ಮೂರಿನಲ್ಲಿ, ಊರಿನ ಬಾಳನ್ನೇ ತಿರುಗಿಸಿಬಿಟ್ಟಂಥ ಸಂಗತಿ ಎಲ್ಲಿ ನಡೆಯಿತೋ ಅಲ್ಲಿಯ ಕಲ್ಲು ಆಮೇಲೆ ಆರುವುದಿಲ್ಲ. ಸುಡುವಷ್ಟಲ್ಲ. ಮಗ್ಗುಲಲ್ಲಿ ಮಲಗಿದ್ದವರು ಆಗತಾನೆ ಎದ್ದುಹೋದ ಜಾಗದ ಹಾಗೆ ಬೆಚ್ಚಗಿರುತ್ತದೆ, ಅಷ್ಟೆ. ಕೋಟೆಯ ಹಿಂಬಾಗಿಲ ಹೊಸ್ತಿಲು ಹಾಗಿದೆ. ಹಿಂದೆಂದೋ ಊರಿಗೆ ಮುತ್ತಿಗೆ ಬಿದ್ದಾಗ ಕಾವಲುಗಾರನೊಬ್ಬ ತನ್ನ ಮಕ್ಕಳ ಹಸಿದ ಮುಖ ನೋಡಲಾಗದೆ ವೈರಿಗಳಿಗೆ ಅಗುಳಿ ತೆಗೆದ ಜಾಗ ಅದು. ಆ ಸುತ್ತಿನ ಹೆಂಗಸರು ಹಾಲಿಗೆ ಹೆಪ್ಪು ಹಾಕಿ ಗಡಿಗೆಯನ್ನು ಅಲ್ಲಿಡುತ್ತಾರೆ, ಮೊಸರು ಗಟ್ಟಿಯಾಗುತ್ತದೆ. ಸಂತೆಪೇಟೆಯ ಕಟ್ಟೆಯೂ ಹಾಗೆಯೇ. ಪ್ಲೇಗಿನ ವರ್ಷ ಊರು ಬಿಡಲು ಗಾಡಿ ಕಟ್ಟಿದ್ದ ಜನ ಅಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡಿ, ಸತ್ತರೂ ಇಲ್ಲೇ ಸಾಯೋಣ ಎಂದು ಎತ್ತು ಬಿಚ್ಚಿದರಂತೆ. ಅಲ್ಲಿ ಬಾಣಂತಿಯರು ಕೂಸುಗಳನ್ನು ಮಲಗಿಸಿ ಹರಟೆ ಹೊಡೆಯುತ್ತಾರೆ. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ, ನಮಗದು ಕೇಳುವ ಮಾತೇ ಅಲ್ಲ. ಇನ್ನು ಮಂತ್ರಿ ಮಹೋದಯರು ಬಂದುಬಂದು ಇಟ್ಟುಹೋದ ಅಡಿಗಲ್ಲುಗಳೂ ಊರ ತುಂಬ ಇವೆ. ಬಸ್‌ಸ್ಟ್ಯಾಂಡಿನದು, ನೀರಿನ ಟಾಕಿಯದು, ಕಟ್ಟದೇ ಹೋದ ಕಾಲೇಜಿನದು. ಒಂದಾದರೂ ಬಿಸಿಯಾಗಿದೆಯೇ ಎಂದು ಹೋಗಿ ಮುಟ್ಟಿ ನೋಡಿ, ಕೈ ಮರಗಟ್ಟುತ್ತದೆ.

ನಮ್ಮದು ಕೆಳಗಿನ ಓಣಿ. ಓಣಿಯ ಬಾಯಲ್ಲೇ, ನಮ್ಮ ಮನೆಯ ಮುಂದೆ, ಎರಡಾಳುದ್ದದ ಒಂದು ಹಾಸುಗಲ್ಲು ಇತ್ತು. ಇತ್ತು ಎನ್ನುವಾಗ ಈಗಲೂ ಹಲ್ಲು ಕಡಿಯುತ್ತೇನೆ. ಊರಿನ ಬಿಸಿ ಕಲ್ಲುಗಳಲ್ಲೆಲ್ಲ ಅದೇ ಹೆಚ್ಚು ಬೆಚ್ಚಗಿದ್ದದ್ದು. ನಾನು ಹಪ್ಪಳ ಸಂಡಿಗೆ ಮಾಡಿ ಮಾರುವವಳು. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನೂ ನನ್ನವ್ವನನ್ನೂ ಸಾಕಿದ್ದು ಆ ಕಲ್ಲು, ಯಾಕೆಂದರೆ ಮಳೆಗಾಲದಲ್ಲೂ ಸಂಡಿಗೆ ಒಣಗಿಸಬಲ್ಲವಳು ಊರಲ್ಲಿ ನಾನೊಬ್ಬಳೇ. ಪಕ್ಕದ ಮನೆಯ ಹುಸೇನಬಿ ಮಕ್ಕಳ ಒದ್ದೆ ಅಂಗಿ ಹರಡುತ್ತಿದ್ದಳು. ಅವ್ವ, ನಿಂಗವ್ವ ಅಂತ ಹೆಸರು, ಇದೇ ಓಣಿಯಲ್ಲಿ ಹುಟ್ಟಿ ಇದೇ ಓಣಿಗೆ ಸೊಸೆಯಾದವಳು, ದಿನಾ ಬೆಳಿಗ್ಗೆ ಮಂಡಿ ಹಿಡಿದುಕೊಂಡು ಬಂದು ಅದರ ಮೇಲೆ ಕಾಲು ಚಾಚಿ ಕೂತರೆ ಬಿಸಿಲು ನೆತ್ತಿಗೇರುವವರೆಗೆ ಏಳುತ್ತಿರಲಿಲ್ಲ. ಕಾವಲುಗಾರನಿಗೆ ಲಾವಣಿ ಇದೆ, ಪ್ಲೇಗಿನ ಗಾಡಿಗೆ ಹಂತಿ ಪದ ಇದೆ. ನಮ್ಮ ಕಲ್ಲಿಗೆ ಮಾತ್ರ ಏನೂ ಇರಲಿಲ್ಲ. ಅಲ್ಲೇನು ನಡೆದಿತ್ತೆಂದು ನಾವು ಯಾರೂ ಕೇಳಿರಲಿಲ್ಲ, ನಮಗೆ ಯಾರೂ ಹೇಳಿರಲಿಲ್ಲ.

ಸಾಲಿಯಲ್ಲಿ ಕಲಿಸಿದ್ದು ವಾಡೆಯ ಮೆಟ್ಟಿಲ ಕಥೆ. ಹಿಂದೆ ನಮ್ಮೂರು ದೇಸಗತಿಗೆ ಸೇರಿತ್ತು. ಜನ ವಾಡೆಗೆ ಬಿಟ್ಟಿ ಚಾಕರಿ ಮಾಡಬೇಕಿತ್ತು, ಕೂಲಿ ಇಲ್ಲ, ಕೂಳೂ ಇಲ್ಲ. ಒಂದು ದಿನ ದೊಡ್ಡ ದೇಸಾಯರಿಗೆ ಕರುಣೆ ಉಕ್ಕಿ, ವಾಡೆಯ ಮೆಟ್ಟಿಲಿಳಿದು ಬಂದು, ಇನ್ನು ಮೇಲೆ ಬಿಟ್ಟಿ ಇಲ್ಲ ಅಂದರಂತೆ. ಊರು ಬದಲಾದದ್ದು ಅಂದೇ ಅಂತೆ. ಆ ದಿನಕ್ಕೆ ರಜೆ ಇದೆ, ಪ್ರಭಾತಫೇರಿ ಇದೆ, ಮಕ್ಕಳಿಗೆ ಬುಂದೆ ಇದೆ. ಗಲಗಲಿ ಮಾಸ್ತರರು ಈ ಪಾಠ ಮಾಡುವಾಗ ನಾನು ಎದ್ದು ನಿಂತು, ಮತ್ತೆ ಆ ಮೆಟ್ಟಿಲು ಯಾಕ ಬಿಸಿ ಇಲ್ರೀ ಸರ್ ಅಂದಿದ್ದೆ. ದೇಸಾಯರು ಅವತ್ತು ಚಪ್ಪಲಿ ಹಾಕ್ಕೊಂಡಿದ್ದರು, ಅದಕ್ಕ ಕಲ್ಲಿಗೆ ಬಿಸಿ ಹತ್ತಲಿಲ್ಲ, ಕೂಡು ಕೆಳಗ, ಅಂದಿದ್ದರು ಮಾಸ್ತರು. ಇಡೀ ತರಗತಿ ಹೌದು ಹೌದು ಎಂದು ತಲೆಯಾಡಿಸಿತು. ಕಾವಲುಗಾರನ ಕಾಲಲ್ಲಿ ಜೋಡು ಇರಲಿಲ್ಲವೇ ಎಂದು ಕೇಳಬೇಕಿತ್ತು, ಆದರೆ ನಾನು ಆಗಲೇ ಕೂತಾಗಿತ್ತು.

ಈಗ ದೊಡ್ಡ ದೇಸಾಯರ ಮೊಮ್ಮಗ ಅಪ್ಪಾಸಾಹೇಬರು ಊರಿನ ಯಜಮಾನರು. ದೇಸಗತಿ ಹೋದರೂ ವಾಡೆ ಹೋಗಿಲ್ಲ, ವಾಡೆಯ ಗತ್ತೂ ಹೋಗಿಲ್ಲ. ಈ ಸಲ ಮೆಟ್ಟಿಲಿಳಿದ ದಿನವನ್ನು ಅಮೃತ ಮಹೋತ್ಸವ ಎಂದು ಜೋರಾಗಿ ಮಾಡುವುದು, ಮಂತ್ರಿಯನ್ನು ಕರೆಸುವುದು, ವಾಡೆಯನ್ನು ಸರ್ಕಾರದ ಸ್ಮಾರಕ ಮಾಡಿಸುವುದು ಎಂದು ಸಮಿತಿಯಾಯಿತು. ರಿಟೈರಾದ ಗಲಗಲಿ ಮಾಸ್ತರರೇ ಕಾರ್ಯದರ್ಶಿ. ಒಂದು ಬೆಳಿಗ್ಗೆ ನಾನು ಕಲ್ಲಿನ ಮೇಲೆ ಸಂಡಿಗೆ ಬಿಡುತ್ತ ಕೂತಿದ್ದೆ. ಇಬ್ಬರೂ ಓಣಿಗೆ ಬಂದರು, ಜೊತೆಗೆ ಟೇಪು ಹಿಡಿದ ಕಲ್ಲುಕೆಲಸದ ಗೌಂಡಿ. ನನ್ನ ಸಂಡಿಗೆಯ ಮೇಲೆಯೇ ಟೇಪು ಎಳೆದ ಪುಣ್ಯಾತ್ಮ.

"ಕಾಶವ್ವ, ನಿಮ್ಮ ಓಣಿ ದೈವ ತೆರೀತು ನೋಡು. ಈ ಕಲ್ಲು ವಾಡೇಕ ಹೋಗತೈತಿ," ಎಂದರು ಅಪ್ಪಾಸಾಹೇಬರು.

"ಯಾಕ್ರೀ ಸಾಹೇಬ್ರ, ವಾಡೇದಾಗ ಕಲ್ಲಿಗೆ ಬರ ಬಂದೈತೇನು?"

ಮಾಸ್ತರರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಹಂಗಲ್ಲವ್ವ. ನಾವು ಸಂಶೋಧನಾ ಮಾಡೀವಿ. ಇದು ಮೂಲತಃ ವಾಡೇದ ಮೆಟ್ಟಿಲು. ದೊಡ್ಡ ದೇಸಾಯರು ಇಳದು ಬಂದ ಕಲ್ಲು ಇದ. ಮುಂದ ವಾಡೆ ರಿಪೇರಿ ಆಗೋವಾಗ ಯಾರೋ ಇಲ್ಲಿ ತಂದು ಹಾಕ್ಯಾರ. ಅದಕ್ಕ ನೋಡು, ಅಲ್ಲಿ ತಣ್ಣಗೈತಿ, ಇಲ್ಲಿ ಬಿಸಿ ಐತಿ."

ಹುಸೇನಬಿ ಬಾಗಿಲಿನಿಂದಲೇ ಚೀರಿದಳು. ಅವಳು ವಾಡೆಯಲ್ಲಿ ಮುಸುರೆ ತಿಕ್ಕುವವಳು, ಆದರೂ ಅವಳ ನಾಲಿಗೆಗೆ ಲಗಾಮಿಲ್ಲ. "ಅಂದ್ರ ನಮ್ಮ ಓಣ್ಯಾವ್ರು ಕಳ್ಳರೇನ್ರಿ? ಎರಡಾಳುದ್ದದ ಕಲ್ಲು ಸೆರಗಿನಾಗ ಕಟ್ಕೊಂಡು ಬಂದ್ರೇನು?"

"ಕಳ್ಳರು ಅಂತ ನಾ ಎಲ್ಲಿ ಅಂದೆ?" ಅಪ್ಪಾಸಾಹೇಬರು ನಕ್ಕರು. ಅವರ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ಹೋಗ್ಲಿ, ನೀವೇ ಹೇಳ್ರಿ. ಈ ಕಲ್ಲು ನಿಮ್ಮದು ಅಂದ್ರ, ಇಲ್ಲಿ ಏನು ನಡೀತು? ಯಾರು ಏನು ಮಾಡಿದ್ದಕ್ಕ ಇದು ಬಿಸಿ ಆತು? ಒಬ್ಬರರ ಹೇಳ್ರಿ. ಈಗಿಂದೀಗ ಟೇಪ್ ಮಡಚಿಕೊಂಡು ಹೋಗತೀನಿ."

ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಒಬ್ಬರ ಮುಖ ಒಬ್ಬರು ನೋಡಿದರು. ಆ ಕಲ್ಲಿನ ಮೇಲೆ ಹುಟ್ಟಿ ಬೆಳೆದವರು, ಶೇಂಗಾ ಸುಲಿದವರು, ಎಣ್ಣೆ ಹಚ್ಚಿಕೊಂಡು ಕೂತವರು, ಒಬ್ಬರಿಗೂ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ. ಅವ್ವ ಕಲ್ಲಿನ ತುದಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ ಗೌಂಡಿಯನ್ನೇ ನೋಡುತ್ತಿದ್ದಳು. ಅಪ್ಪಾಸಾಹೇಬರು, ನಾಕು ದಿನಾ ಬಿಟ್ಟು ಗಾಡಿ ಬರತೈತಿ, ಎಂದು ಹೇಳಿ ಹೋದರು.

ಅವರು ಓಣಿ ದಾಟಿದ ಮೇಲೆ ಅವ್ವ ಬಾಯಿ ತೆಗೆದಳು. "ಸುಳ್ಳಬಡಕರು. ಇದು ಮೆಟ್ಟಿಲಲ್ಲ. ಇದು ನಮ್ಮವ್ವ ಕೊಡ ಇಳಿಸಿದ ಕಲ್ಲು."

ನಾನು ಸಂಡಿಗೆ ಹಿಟ್ಟಿನ ಕೈಯಲ್ಲೇ ನಿಂತೆ. "ಏನಂದಿ?"

ಅವಳು ಹೇಳಿದಳು. ಆಗ ಅವಳು ಸಣ್ಣ ಹುಡುಗಿ, ತಾಯಿಯ ಹಿಂದೆ ತಂಬಿಗೆ ಹಿಡಿದು ಓಡುತ್ತಿದ್ದಳು. ನಮ್ಮ ಓಣಿಯ ಹೆಂಗಸರ ಬಿಟ್ಟಿ ಎಂದರೆ ನೀರು. ಹೊಳೆಯಿಂದ ದಿಬ್ಬ ಹತ್ತಿ ವಾಡೆಗೆ ನೀರು ಹೊರಬೇಕು. ಕುಡಿಯಲು, ಮೀಯಲು, ಕುದುರೆಗೆ, ಹೂಗಿಡಕ್ಕೆ, ಎಲ್ಲಕ್ಕೂ. ಬಸುರಿ ಅನ್ನುವ ಹಾಗಿಲ್ಲ, ಮುಟ್ಟು ಅನ್ನುವ ಹಾಗಿಲ್ಲ, ಮನೆಯಲ್ಲಿ ಹೆಣ ಬಿದ್ದಿದೆ ಅನ್ನುವ ಹಾಗಿಲ್ಲ. ಒಮ್ಮೆ ದಿನ ತುಂಬಿದ ಬಸುರಿಯೊಬ್ಬಳು ನಮ್ಮ ಓಣಿಯ ಬಾಯಲ್ಲಿ ಜಾರಿ ಬಿದ್ದಳು. ವಾಡೆಯ ಕಾರಭಾರಿ ಬೆತ್ತ ಹಿಡಿದು ನಿಂತಿದ್ದ. ಬಿದ್ದವಳನ್ನು ನೋಡಿ, ಕೊಡಕ್ಕ ತಗ್ಗು ಬಿದ್ದೈತೇನು ನೋಡ್ರಿ, ಅಂದನಂತೆ. ನನ್ನ ಆಯಿ ಬಾಳವ್ವ ಅವಳ ಹಿಂದೆಯೇ ಇದ್ದವಳು. ತಲೆಯ ಮೇಲಿನ ಕೊಡವನ್ನು ಎರಡೂ ಕೈಯಿಂದ ಎತ್ತಿ ಈ ಕಲ್ಲಿನ ಮೇಲೆ ಇಟ್ಟಳು. ತಲೆಯ ಸಿಂಬಿಯನ್ನೂ ಬಿಚ್ಚಿ ಪಕ್ಕದಲ್ಲಿಟ್ಟಳು. ಇಳಿಸಿದೆ, ಅಂದಳು. ಅಷ್ಟೇ ಮಾತು. ಹಿಂದಿದ್ದವಳು ಇಳಿಸಿದಳು, ಅವಳ ಹಿಂದಿದ್ದವಳು ಇಳಿಸಿದಳು. ಕಾರಭಾರಿ ಹೊಡೆದ, ಮನೆ ಸುಡಿಸುತ್ತೇನೆ ಅಂದ. ಕೊಡಗಳು ಏಳಲಿಲ್ಲ. ವಾಡೆಯಲ್ಲಿ ನೀರಿನ ಹರವಿಗಳು ಖಾಲಿಯಾದವು, ಕುದುರೆ ಒದರಿಕೊಂಡವು.

"ದೊಡ್ಡ ದೇಸಾಯಿ ಮೆಟ್ಟಿಲು ಇಳದದ್ದು ಖರೇನ ಐತಿ," ಎಂದಳು ಅವ್ವ. "ಕರುಣಾ ಬಂದಲ್ಲ. ಕುಂಡಿ ತೊಳಕೊಳ್ಳಾಕ ನೀರಿಲ್ದ ಇಳದ."

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. "ಇದನ್ನ ಈಗ ಹೇಳ್ತೀಯೇನವ್ವ? ಅವ ನಿಂತು ಕೇಳಿದಾಗ ನಿನ್ನ ಬಾಯಾಗ ಏನು ಕಡುಬು ಇತ್ತೇನು? ಇಷ್ಟು ವರ್ಷ ನನಗರ ಹೇಳಬಾರದಾ? ಓಣಿ ಮುದುಕ್ಯಾರು ಒಬ್ಬರರ ಹೇಳಬಾರದಾ?"

"ಹೇಳೂದೇನೈತಿ?" ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕಲ್ಲು ಬಿಸಿ ಐತಲ್ಲ. ದಿನಾ ಅದರ ಮ್ಯಾಲ ಕುಂದರತೀರಿ. ಗೊತ್ತಾಗಂಗಿಲ್ಲೇನು?"

ಇದೇ ನೋಡಿ ನಮ್ಮವರ ಹಣೆಬರಹ. ಬಿಸಿ ಇದೆಯಲ್ಲ, ಸಾಕು. ಯಾರು ಮಾಡಿದರು, ಯಾಕೆ ಮಾಡಿದರು, ಯಾರಿಗೂ ಹೇಳಬೇಕಾಗಿಲ್ಲ, ಕಲ್ಲೇ ಹೇಳುತ್ತದೆ ಎಂಬ ಭಂಡ ನಂಬಿಕೆ. ಅತ್ತ ವಾಡೆಯವರು ತಣ್ಣನೆಯ ಕಲ್ಲಿಗೆ ಪಾಠ ಬರೆಸಿದರು, ಹಾಡು ಕಟ್ಟಿಸಿದರು, ರಜೆ ಕೊಡಿಸಿದರು, ಬುಂದೆ ಹಂಚಿದರು. ನಾವು ಬಿಸಿ ಕಲ್ಲಿನ ಮೇಲೆ ಸಂಡಿಗೆ ಒಣಗಿಸಿದೆವು. ಆ ಓಣಿಯ ಸತ್ತ ಮುದುಕಿಯರೆಲ್ಲ ಎದ್ದುಬಂದಿದ್ದರೆ ಒಬ್ಬೊಬ್ಬರನ್ನೂ ಹಿಡಿದು ಜಗಳ ಕಾಯುತ್ತಿದ್ದೆ.

ಮರುದಿನವೇ ಮಾಸ್ತರರ ಮನೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು, ಚಹಾ ಕೊಡಿಸಿದರು, ಕಣ್ಣು ಮಾತ್ರ ನನ್ನತ್ತ ತಿರುಗಿಸಲಿಲ್ಲ. "ನಿಮ್ಮವ್ವಗ ವಯಸ್ಸಾಗೇತಿ, ಕಾಶವ್ವ. ನೆನಪು ಕಲಸಿರತಾವ. ಇದಕ್ಕ ಆಧಾರ ಏನರ ಐತೇನು?"

"ಕಲ್ಲು ಬಿಸಿ ಐತಲ್ರೀ!" ಎಂದೆ. ಎಂದವಳೇ ನಾಲಿಗೆ ಕಚ್ಚಿಕೊಂಡೆ. ಅವ್ವನ ಮಾತೇ ನನ್ನ ಬಾಯಿಂದ ಬಂದಿತ್ತು.

"ಬಿಸಿ ಐತಿ," ಎಂದರು ಮಾಸ್ತರು ಮೆಲ್ಲಗೆ. "ಯಾಕ ಬಿಸಿ ಐತಿ ಅನ್ನೂದನ್ನ ನಾವು ಈಗಾಗಲೇ ಅಚ್ಚು ಹಾಕಿಸೀವಿ."

ಹೇಳಿದ ದಿನ ಜೆಸಿಬಿ ಬಂತು, ಟ್ರಾಕ್ಟರು ಬಂತು, ಪೊಲೀಸರು ಬಂದರು. ಅವ್ವ ಕಲ್ಲಿನ ನಡುವೆ ಕಾಲು ಚಾಚಿ ಕೂತುಬಿಟ್ಟಳು, ಏಳುವುದಿಲ್ಲ ಅಂದಳು. ನಾವು ಹೆಂಗಸರು ಸುತ್ತ ನಿಂತೆವು. ಹೊಡೆದಿದ್ದರೆ ಚೆನ್ನಾಗಿತ್ತು, ನಾವೂ ಕೈ ಎತ್ತುತ್ತಿದ್ದೆವು. ಹೊಡೆಯಲಿಲ್ಲ. ಪೊಲೀಸರು ನಮ್ಮನ್ನು ಪಕ್ಕಕ್ಕೆ ತಳ್ಳಿದರು, ಅಪ್ಪಾಸಾಹೇಬರು, "ಅಜ್ಜೀನ ಮೆತ್ತಗ ಎತ್ರಿ, ಸೊಂಟಕ್ಕ ಪೆಟ್ಟು ಹತ್ತೀತು," ಅಂದರು. ಇಬ್ಬರು ಪೊಲೀಸ್ ಹುಡುಗಿಯರು ಅವಳನ್ನು ಕೂಸಿನ ಹಾಗೆ ಎತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಅವರ ಆ ಮೆತ್ತಗಿನ ಕೈಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಕಲ್ಲು ಎದ್ದಿತು. ಟ್ರಾಲಿಯ ಮೇಲೆ ಬಿತ್ತು. ನಾನು ಟ್ರಾಲಿಯ ಪಕ್ಕದಲ್ಲೇ ಓಡಿದೆ, ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿದೇ ಓಡಿದೆ. ಓಣಿ ದಾಟುವಾಗ ಬಿಸಿ ಇತ್ತು. ಅಂಚೆ ಕಚೇರಿಯ ಹತ್ತಿರ ಉಗುರುಬೆಚ್ಚಗೆ. ದಿಬ್ಬ ಹತ್ತುವಾಗ ನನ್ನ ಕೈಯದೋ ಕಲ್ಲಿನದೋ ತಿಳಿಯದಷ್ಟಾಯಿತು. ವಾಡೆಯ ಬಾಗಿಲಿಗೆ ಬರುವಷ್ಟರಲ್ಲಿ ಸತ್ತವರ ಹಣೆ ಮುಟ್ಟಿದ ಹಾಗೆ. ಮಾಸ್ತರರೂ ಬಂದು ಮುಟ್ಟಿದರು, ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಅಷ್ಟೇ ಜೋರಾಗಿ ತಿರುಗಿ ಓಡಿಬಂದು ಓಣಿಯ ಬಾಯಲ್ಲಿ ಬಿದ್ದಿದ್ದ ತಗ್ಗಿನಲ್ಲಿ ಮೊಣಕೈವರೆಗೆ ಕೈ ಇಳಿಸಿದೆ. ಬಿಸಿ ಇಲ್ಲಿ ಉಳಿದಿದೆ ಅಂದುಕೊಂಡಿದ್ದೆ, ಹುಚ್ಚಿ. ಅಲ್ಲೂ ಬರೀ ತಣ್ಣನೆ ಮಣ್ಣು.

"ಕೊಂದರು," ಎಂದಳು ಅವ್ವ ಕುರ್ಚಿಯಲ್ಲಿ ಕೂತೇ.

ಕಲ್ಲನ್ನು ವಾಡೆಯ ಮುಂದೆ ಮೆಟ್ಟಿಲಾಗಿ ಕೂರಿಸಿದರು, ಓಣಿಯ ತಗ್ಗಿಗೆ ಸಿಮೆಂಟು ಹಾಕಿ ಸಪಾಟು ಮಾಡಿದರು. ಅವ್ವನ ಮಂಡಿ ಬಿಗಿದುಕೊಂಡವು, ಹೊರಸು ಬಿಟ್ಟು ಏಳದಾದಳು. ನನ್ನ ಸಂಡಿಗೆಗೆ ಬೂಸಲು ಹತ್ತಿತು. ಸಂಡಿಗೆ ಹಾಳಾಗಿ ಹೋಗಲಿ, ಅದರ ಚಿಂತೆ ನನಗಿರಲಿಲ್ಲ. ನನ್ನ ಆಯಿ ಒಮ್ಮೆ ಈ ಊರನ್ನು ತಿರುಗಿಸಿದ್ದಳು, ಅದಕ್ಕೆ ಇದ್ದ ಸಾಕ್ಷಿ ಅದೊಂದೇ, ಅದನ್ನು ಹಾಡುಹಗಲೇ ಆರಿಸಿಬಿಟ್ಟರು. ಇನ್ನು ನಾನು ಗಂಟಲು ಹರಿದುಕೊಂಡು ಕೂಗಿದರೂ ಯಾರು ನಂಬಬೇಕು?

ಉತ್ಸವ ಹತ್ತಿರ ಬಂದಾಗ ಮಾಸ್ತರರು ಮತ್ತೆ ಓಣಿಗೆ ಬಂದರು, ಸೀರೆಯ ಗಂಟು ಹೊರಿಸಿಕೊಂಡು. ಮಂತ್ರಿಗೆ ಪೂರ್ಣಕುಂಭ ಸ್ವಾಗತವಾಗಬೇಕು, ಅದಕ್ಕೆ ಕೆಳಗಿನ ಓಣಿಯ ಹೆಂಗಸರೇ ಬೇಕಂತೆ. ಹೊಳೆಯಿಂದ ಕೊಡ ತುಂಬಿಕೊಂಡು ಬಾಜಾಬಜಂತ್ರಿ ಸಮೇತ ವಾಡೆಗೆ ಬರಬೇಕು. "ನೆನಪಿರಲಿ, ಮೊದಲು ಎಲ್ಲಾರೂ ಕೊಡದ ನೀರು ಮೆಟ್ಟಿಲ ಮ್ಯಾಲ ಸುರೀಬೇಕು. ಆಮ್ಯಾಲ ಮಂತ್ರಿಗಳು ಪಾದ ಇಡತಾರ. ಮೊದಲು ನೀರು. ತಿಳೀತಿಲ್ಲೋ?" ಎಂದು ಮತ್ತೆ ಮತ್ತೆ ಹೇಳಿದರು.

ಯಾಕೆ ಎಂದು ಸಂಜೆ ಹುಸೇನಬಿ ಬಂದು ಹೇಳಿದಳು. "ಯಕ್ಕಾ, ಮೆಟ್ಟಿಲ ಕೆಳಗ ನೆಲಮಾಳಿಗಿ ಐತಲ್ಲ, ಅಲ್ಲಿ ಒಲಿ ಹೂಡ್ಯಾರ. ಇದ್ದಲಿ ಚೀಲಗಟ್ಟಲೆ ಬಂದೈತಿ. ನಿನ್ನೆ ಉರಿ ಹಚ್ಚಿ ನೋಡಿದ್ರು, ಕಲ್ಲು ರೊಟ್ಟಿ ಹಂಚಾಗಿ ಕುಂತೈತಿ. ಸಾಹೇಬ್ರು ಬೂಟು ಇಟ್ರು, ರಬ್ಬರು ಅಂಟಿಕೊಂತು. ಅದಕ್ಕ ನೀರು ಹಾಕಿ ಹದ ಮಾಡಿ, ಆಮ್ಯಾಲ ಮಂತ್ರಿ ಕಾಲು ಇಡಸ್ತಾರಂತ."

ನಮ್ಮ ಬಿಸಿಯನ್ನು ಕೊಂದರು. ಅದರ ಜಾಗದಲ್ಲಿ ಸುಳ್ಳಿನ ಬೆಂಕಿ ಹಾಕಿದರು. ಈಗ ಆ ಸುಳ್ಳು ಅವರ ಕಾಲನ್ನೇ ಸುಡದ ಹಾಗೆ ಹದ ಮಾಡಲು ನೀರು ಹೊರಬೇಕಾದವರು ಯಾರು? ಬಾಳವ್ವನ ಮೊಮ್ಮಗಳು. ಸೀರೆಯನ್ನು ಮಾಸ್ತರರ ಮನೆಯ ಅಂಗಳಕ್ಕೆ ಒಗೆದು ಬರುತ್ತೇನೆ ಎಂದು ಎದ್ದೆ. ಆದರೆ ಓಣಿಯಲ್ಲಿ ಉಳಿದವರು ಆಗಲೇ ಸೀರೆಯ ಬಣ್ಣ ನೋಡಿ ಬದಲಾಯಿಸಿಕೊಳ್ಳುತ್ತಿದ್ದರು. ಅವರನ್ನು ಏನನ್ನಲಿ? ಎದುರು ಮನೆಯವಳು, ಒಂದು ದಿನದ ಮಾತಲ್ಲೇನ ಕಾಶವ್ವ, ವಾಡೇದವರನ್ನ ಎದರ ಹಾಕ್ಕೊಂಡು ಬಾಳೇವು ಮಾಡಾಕ ಆಗತೈತೇನು, ಅಂದಳು.

ಅವ್ವ ಹೊರಸಿನ ಮೇಲಿಂದಲೇ, "ನೀನೂ ಹೋಗು," ಅಂದಳು.

"ನಾ ಹೋಗಲಾ? ವಾಡೇಕ ನೀರು ಹೊತ್ತುಕೊಂಡು? ನೀನ ಹೇಳ್ತೀಯೇನವ್ವ?"

"ಹೋಗು ಅಂದೆ. ನಮ್ಮವ್ವನ ತಾಮ್ರದ ಕೊಡ ಅಟ್ಟದ ಮ್ಯಾಲ ಐತಿ, ಹುಣಸಿಹಣ್ಣು ಹಚ್ಚಿ ತಿಕ್ಕು. ನನ್ನ ಹೊರಸು ಓಣಿ ಬಾಯಾಗ ಹಾಕಿಕೊಟ್ಟು ಹೋಗು. ನಾನೂ ಮೆರವಣಿಗಿ ನೋಡತೀನಿ." ಹಾಗಂದವಳೇ ಗೋಡೆಯ ಕಡೆ ತಿರುಗಿ ಮಲಗಿದಳು.

ಉತ್ಸವದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆಯಲ್ಲಿ ಕೊಡ ತುಂಬಿದೆವು. ಒಂದೇ ಬಣ್ಣದ ಸೀರೆ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ, ಕೊಡದ ಬಾಯಿಗೆ ಮಾವಿನೆಲೆ. ನಾನೇ ಮುಂದೆ, ಹಿಂದೆ ಹುಸೇನಬಿ, ಅವಳ ಹಿಂದೆ ಓಣಿಯೆಲ್ಲ. ನಮ್ಮ ಮುಂದೆ ಬ್ಯಾಂಡಿನವರು ಊದಿಕೊಂಡು ಹೊರಟರು. ತಾಮ್ರದ ಕೊಡ ಭಾರವಿತ್ತು. ದಾರಿಯಲ್ಲಿ ಮಕ್ಕಳು ಧ್ವಜ ಬೀಸುತ್ತಿದ್ದರು, ದೊಡ್ಡ ದೇಸಾಯರು ಮೆಟ್ಟಿಲಿಳಿಯುವ ಚಿತ್ರದ ಬ್ಯಾನರು ಕಂಬಕಂಬಕ್ಕೂ ಇತ್ತು. ಒಂದೊಂದು ಬ್ಯಾನರು ದಾಟುವಾಗಲೂ ನನ್ನ ಕುತ್ತಿಗೆಯ ನರ ಸೆಟೆದುಕೊಳ್ಳುತ್ತಿತ್ತು. ಹೊಳೆಯಿಂದ ವಾಡೆಗೆ ಹೋಗುವ ದಾರಿ ನಮ್ಮ ಓಣಿಯ ಬಾಯಿಯನ್ನು ಮುಟ್ಟಿಯೇ ಹೋಗಬೇಕು.

ಅಲ್ಲಿ ಅವ್ವ ಹೊರಸಿನ ಮೇಲೆ ಕೂತಿದ್ದಳು, ಸಿಮೆಂಟಿನ ತೇಪೆಯ ಪಕ್ಕದಲ್ಲೇ. ನನ್ನ ಮುಖ ನೋಡಲಿಲ್ಲ. ತಲೆಯ ಮೇಲಿನ ಕೊಡವನ್ನು ನೋಡಿದಳು. ಎಂಬತ್ತರ ಮುದುಕಿ, ತಂಬಿಗೆ ಹಿಡಿದು ತಾಯಿಯ ಹಿಂದೆ ಬರುವ ಹುಡುಗಿ ಹೇಗೆ ನೋಡಬೇಕೋ ಹಾಗೆ ತಲೆಯೆತ್ತಿ ನೋಡಿದಳು.

ನನ್ನ ಕಾಲು ನಿಂತವು. ಮೊದಲೇ ಯೋಚಿಸಿದ್ದೆ ಅಂದರೆ ಸುಳ್ಳಾಗುತ್ತದೆ. ಸಿಟ್ಟು ಮಾತ್ರ ಇತ್ತು, ಅಂಗಾಲಿನಿಂದ ನೆತ್ತಿಯವರೆಗೆ ಇತ್ತು, ನೆತ್ತಿಯ ಮೇಲೆ ಕೊಡ ಇತ್ತು. ಎರಡೂ ಕೈಯಿಂದ ಅದನ್ನು ಎತ್ತಿ ಸಿಮೆಂಟಿನ ಮೇಲೆ ಇಟ್ಟೆ. ಸಿಂಬಿ ಬಿಚ್ಚಿ ಪಕ್ಕದಲ್ಲಿಟ್ಟೆ.

"ಇಳಿಸಿದೆ," ಅಂದೆ.

ಹುಸೇನಬಿ ಒಂದು ಗಳಿಗೆ ನನ್ನ ಮುಖ ನೋಡಿದಳು. "ಯಾ ಅಲ್ಲಾ, ನನ್ನ ಕೆಲಸ ಹೋತು ಬಿಡು," ಎಂದವಳೇ ಕೊಡ ಇಳಿಸಿದಳು. ಹಿಂದಿದ್ದವಳು ಇಳಿಸಿದಳು, ಅವಳ ಹಿಂದಿದ್ದವಳೂ. ಬಾಳೇವು ಮಾಡಾಕ ಆಗತೈತೇನು ಎಂದಿದ್ದವಳು ಸ್ವಲ್ಪ ಹೊತ್ತು ಕೊಡ ಹೊತ್ತೇ ನಿಂತಳು, ಆಮೇಲೆ ಥೂ ಎಂದು ಉಗುಳಿ ಇಳಿಸಿದಳು. ಬ್ಯಾಂಡಿನವರಿಗೆ ಗೊತ್ತೇ ಆಗಲಿಲ್ಲ. ಊದಿಕೊಂಡು ದಿಬ್ಬ ಹತ್ತಿ ವಾಡೆಯ ಮುಂದೆ ಹೋಗಿ ತಿರುಗಿ ನೋಡಿದರೆ ಹಿಂದೆ ಖಾಲಿ ರಸ್ತೆ.

ಮೊದಲು ಮಾಸ್ತರರು ಓಡಿಬಂದರು, ಅವರ ಹಿಂದೆ ರೇಷ್ಮೆ ಧೋತರದ ಚುಂಗು ಹಿಡಿದುಕೊಂಡು ಅಪ್ಪಾಸಾಹೇಬರು. ಮುಖ ಕೆಂಪಾಗಿತ್ತು. "ಏನಿದು ಕಾಶವ್ವ? ಮಂತ್ರಿ ಬಂದಾರ. ಬೂಟು ಬಿಚ್ಚಿ ನಿಂತಾರ. ಎತ್ರಿ ಕೊಡ. ಏನು ಬೇಕು ನಿಮಗ? ಹೇಳ್ರಿ, ಕೊಡ್ತೀನಿ."

"ನೀವು ಅವತ್ತು ಕೇಳಿದ್ರಲ್ಲ ಸಾಹೇಬ್ರ, ಇಲ್ಲಿ ಏನು ನಡೀತು ಅಂತ? ಆವಾಗ ನನಗ ಹೇಳಾಕ ಬರಲಿಲ್ಲ," ಎಂದೆ. ಕೊಡಗಳ ಸಾಲಿನತ್ತ ಕೈ ತೋರಿಸಿದೆ. "ಇದ ನಡೀತು ನೋಡ್ರಿ. ಹಿಂಗ ನಡೀತು."

ಅಷ್ಟರಲ್ಲಿ ವಾಡೆಯ ಕಡೆಯಿಂದ ಒಂದು ಕೂಗು ಬಂತು. ಕುರ್ಚಿ ಬಿದ್ದ ಸದ್ದು, ಆಮೇಲೆ ಹತ್ತಾರು ಜನ ಒಟ್ಟಿಗೆ ಚೀರಿದ ಸದ್ದು. ಕಾಯುವ ತಾಳ್ಮೆ ಯಾವ ಮಂತ್ರಿಗಿದೆ? ಫೋಟೋದವರು ಅವಸರ ಮಾಡಿದ್ದಾರೆ, ಅವನು ಬರಿಗಾಲು ಇಟ್ಟಿದ್ದಾನೆ. ನೀರು ಬೀಳದ ಇದ್ದಲಿನ ಕಲ್ಲು, ರೊಟ್ಟಿ ಹಂಚು. "ನೀರು! ನೀರು ತರ್ರೀ!" ಎಂದು ಮೇಲಿನಿಂದ ಕೂಗುತ್ತಿದ್ದರು. ವಾಡೆಯಲ್ಲಿ ಮೋಟಾರು ಇತ್ತು, ಆದರೆ ಶಾಮಿಯಾನದ ಲೈಟಿಗೆಂದು ಕರೆಂಟು ಎಳೆದವರು ಅದರ ಫ್ಯೂಜು ಹಾರಿಸಿದ್ದರಂತೆ. ನೀರು ಇದ್ದದ್ದು ನಮ್ಮ ಕೊಡಗಳಲ್ಲಿ.

"ಎತ್ರವ್ವಾ, ಕೈ ಮುಗೀತೀನಿ," ಎಂದರು ಅಪ್ಪಾಸಾಹೇಬರು. ಒಬ್ಬಳೂ ಬಗ್ಗಲಿಲ್ಲ. ಅವರು ಮಾಸ್ತರರನ್ನು ನೋಡಿದರು. ಮಾಸ್ತರರು ನೆಲ ನೋಡಿದರು. ಕೊನೆಗೆ ಅಪ್ಪಾಸಾಹೇಬರೇ ಬಗ್ಗಿ ಎರಡೂ ತೋಳಿನಿಂದ ಒಂದು ಕೊಡವನ್ನು ತಬ್ಬಿ ಎತ್ತಿದರು. ಹೊರುವ ಅಭ್ಯಾಸವಿಲ್ಲದ ಮೈ, ಅರ್ಧ ನೀರು ಧೋತರದ ಮೇಲೆಯೇ ಚೆಲ್ಲಿತು. ಏದುಸಿರು ಬಿಡುತ್ತ, ಎಡವುತ್ತ ದಿಬ್ಬ ಹತ್ತಿದರು. ವಾಡೆಯವನೊಬ್ಬ ವಾಡೆಗೆ ತನ್ನ ಕೈಯಾರೆ ನೀರು ಹೊತ್ತದ್ದನ್ನು ಊರು ನೋಡಿದ್ದು ಅಂದೇ ಮೊದಲು. ಧ್ವಜ ಹಿಡಿದ ಮಕ್ಕಳು ಚಪ್ಪಾಳೆ ತಟ್ಟಿದರು, ಅದೂ ಕಾರ್ಯಕ್ರಮದ ಭಾಗ ಅಂದುಕೊಂಡು.

ಅವ್ವ ಹೊರಸಿನ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಕಲ್ಲು ನಮಗೆ ವಾಪಸು ಬರಲಿಲ್ಲ. ಬೆಂಕಿಗೆ ಸೀಳಿ ಎರಡಾಗಿ ವಾಡೆಯ ಮುಂದೆ ಬಿದ್ದಿದೆ, ಬೇಕಾದರೆ ಹೋಗಿ ಮುಟ್ಟಿ, ತಣ್ಣಗಿದೆ. ಹುಸೇನಬಿಯ ಕೆಲಸ ಹೋಯಿತು, ಈಗ ನನ್ನ ಜೊತೆ ಹಪ್ಪಳ ಲಟ್ಟಿಸುತ್ತಾಳೆ. ಮರುದಿನ ಬೆಳಿಗ್ಗೆ ಅವ್ವ, ನನ್ನ ಕೆಳಗ ಇಳಿಸು, ಅಂದಳು. ಸಿಮೆಂಟಿನ ಮೇಲೆ ಇಳಿಸಿದೆ. ಅವಳು ಎರಡೂ ಅಂಗೈಯನ್ನು ಅದಕ್ಕೆ ಊರಿದಳು. ಬಿಸಿಲು ಇನ್ನೂ ಓಣಿಗೆ ಇಳಿದಿರಲಿಲ್ಲ. ನಾನೂ ಕೈ ಇಟ್ಟೆ. ಬೆಚ್ಚಗಿತ್ತು. ಅವರೇ ಹಾಕಿದ ಸಿಮೆಂಟು.

"ಇದು ನಮ್ಮವ್ವಂದಲ್ಲ," ಎಂದಳು ಅವ್ವ. "ಅದರ ಬಿಸಿ ಬ್ಯಾರೆ ಇತ್ತು. ನಾ ಬಲ್ಲೆ."

ಅದಕ್ಕೇ ನನ್ನ ಸಿಟ್ಟು ಇನ್ನೂ ಆರಿಲ್ಲ. ಹೊಸ ಬಿಸಿ ಬಂತೆಂದು ಕುಣಿಯಲು ನಾನು ತಯಾರಿಲ್ಲ. ಆಯಿಯ ಬಿಸಿಯನ್ನು ಕೊಂದವರು ಊರಲ್ಲಿ ಕಾಲರ್ ಎತ್ತಿಕೊಂಡೇ ಓಡಾಡುತ್ತಿದ್ದಾರೆ. ಆದರೆ ಒಂದು ಕಲಿತಿದ್ದೇನೆ. ಇಲ್ಲಿ ಈಗ ಸುಮ್ಮನೆ ಬಂದು ಯಾರೂ ಕೂರುವ ಹಾಗಿಲ್ಲ. ಕೂಸು ಮಲಗಿಸುವವಳಾಗಲಿ, ಚಳಿ ಕಾಯಿಸುವವನಾಗಲಿ, ಮೊದಲು ಇಲ್ಲಿ ನಡೆದದ್ದನ್ನು ಕೇಳಬೇಕು, ಕೇಳಿದ್ದನ್ನು ತಿರುಗಿ ಹೇಳಬೇಕು. ಓಣಿಯ ಹೆಂಗಸರು ನನ್ನನ್ನು ಜಗಳಗಂಟಿ ಅನ್ನುತ್ತಾರೆ. ಅನ್ನಲಿ.

ಮೊನ್ನೆ ಗಲಗಲಿ ಮಾಸ್ತರರು ಕೋಲೂರಿಕೊಂಡು ಬಂದರು. ಅವರಿಗೂ ಮಂಡಿ ನೋವು. ಚಪ್ಪಲಿ ಬಿಚ್ಚಿ ಬದಿಗಿಟ್ಟರು. "ಸ್ವಲ್ಪ ಕುಂದರಲೇನು, ಕಾಶವ್ವ?"

"ಕುಂದರ್ರಿ ಸರ್. ಮೊದಲು ಹೇಳ್ರಿ, ಇಲ್ಲಿ ಏನು ನಡೀತು?"

ಮಾಸ್ತರರು ಓಣಿಯ ಆಚೀಚೆ ನೋಡಿದರು. ಗಂಟಲು ಸರಿಮಾಡಿಕೊಂಡರು. "ದೊಡ್ಡ ದೇಸಾಯರು ಮೆಟ್ಟಿಲು..."

"ನಿಂದರ್ರಿ ಹಂಗ," ಅಂದೆ.

ಅವರು ಕೋಲಿನ ಮೇಲೆ ಭಾರ ಹಾಕಿ ನಿಂತರು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಹುಸೇನಬಿ ಲಟ್ಟಣಿಗೆ ಹಿಡಿದೇ ಬಂದಳು. ಅವ್ವ ಸಿಮೆಂಟಿನ ಮೇಲೆ ಕಾಲು ಚಾಚಿ ಕೂತವಳು ಕಿವಿಗೆ ಅಂಗೈ ಆನಿಸಿಕೊಂಡಳು.

"ಬಾಳವ್ವ..." ಎಂದರು ಮಾಸ್ತರರು, ದನಿ ಏಳದೆ. "ಬಾಳವ್ವ ಕೊಡ ಇಳಿಸಿದಳು."

"ಜೋರಾಗಿ ಹೇಳ್ರಿ ಸರ್," ಅಂದೆ. "ಅವ್ವಗ ಕಿವಿ ಮಂದ ಐತಿ. ಹೇಳ್ರಿ, ಯಾರು ಇಳಿಸಿದರು?"